ಸಹಾಯ ಬೇಕು: ಕ್ಲೇ ಗೊಂಬೆಯ ಪಾದದಲ್ಲಿ ಸಿಕ್ಕಿಬಿದ್ದಿದ್ದೇನೆ

ಎಲ್ಲರಿಗೂ ನಮಸ್ಕಾರ. ನರ್ಸಿಂಗ್ ಮೊದಲ ವರ್ಷ ಓದುತ್ತಿದ್ದೇನೆ. ಅನಾಟಮಿಯಲ್ಲಿ (ದೇಹರಚನೆಯ ಪಾಠದಲ್ಲಿ) ಯಾವ ಭಾಗ ಯಾವ ಕಡೆಗಿದೆ ಎಂದು ಹೇಳುವ ಮೀಡಿಯಲ್, ಲ್ಯಾಟರಲ್, ಪ್ರಾಕ್ಸಿಮಲ್, ಡಿಸ್ಟಲ್ ಎಂಬ ಪದಗಳೆಲ್ಲ ಬಾಯಿಪಾಠ ಆಗಿವೆ. ಆದರೆ ಚಿತ್ರ ಸ್ವಲ್ಪ ತಿರುಗಿಸಿ ಕೊಟ್ಟರೆ ತಲೆ ಕೆಡುತ್ತದೆ. ಅದಕ್ಕೇ ಬಣ್ಣದ ಕ್ಲೇಯಲ್ಲಿ ಗೇಣುದ್ದದ ಗೊಂಬೆ ಮಾಡಿಕೊಂಡೆ.

ಮೊದಲು ಎಡವಿದ್ದು ಅಂಗೈಯಲ್ಲಿ. ಕೈಗಳನ್ನು ಸುಮ್ನೆ ಇಳಿಬಿಟ್ಟಿದ್ದೆ, ಅಂಗೈ ತೊಡೆಯ ಕಡೆಗಿತ್ತು. ಅನಾಟಮಿ ಲೆಕ್ಕದಲ್ಲಿ ಅಂಗೈ ಮುಂದಕ್ಕಿರಬೇಕು. ಹಾಗೆ ತಿರುಗಿಸಿದ ಮೇಲೆ ಹೆಬ್ಬೆರಳು ಹೊರಗೆ ಬಂತು, ಅಂದರೆ ಲ್ಯಾಟರಲ್. ಕಿರುಬೆರಳು ಒಳಗೆ, ಅಂದರೆ ಮೀಡಿಯಲ್. ಮುಂದೋಳಿನಲ್ಲಿ ಹೆಬ್ಬೆರಳಿನ ಕಡೆಯ ಮೂಳೆ ರೇಡಿಯಸ್, ಇನ್ನೊಂದು ಅಲ್ನಾ ಅನ್ನುವುದೂ ಆಗಲೇ ತಲೆಗೆ ಹೋಯಿತು. ಎದುರಿಗೆ ನಿಂತ ಗೊಂಬೆಯ ಎಡಗೈ ನನ್ನ ಬಲಕ್ಕೆ ಬರುತ್ತದೆ ಅನ್ನುವುದನ್ನು ಮಾತ್ರ ಈಗಲೂ ದಿನಕ್ಕೊಮ್ಮೆ ಮರೆಯುತ್ತೇನೆ!

ಈಗ ತೊಂದರೆ ಪಾದದ್ದು. ಡಾರ್ಸಲ್ ಅಂದರೆ ಬೆನ್ನಿನ ಕಡೆ ಅಲ್ವಾ? ಮತ್ತೆ ಪಾದದ ಮೇಲ್ಭಾಗ ಹೇಗೆ ಡಾರ್ಸಲ್ ಆಗುತ್ತದೆ? ಅಂಗಾಲು ಪ್ಲಾಂಟರ್ ಅನ್ನುವುದು ಸರಿ, ಅದು ಅರ್ಥವಾಯಿತು. ಮೇಲ್ಭಾಗದ್ದನ್ನು ಗೊಂಬೆಯಲ್ಲೇ ತೋರಿಸಿ ಅರ್ಥಮಾಡಿಕೊಳ್ಳುವ ಉಪಾಯ ಇದೆಯಾ?

ಇನ್ನೊಂದು ವಿಷಯ. ಮೊಣಕೈ ಮುಂಭಾಗದ ಆಂಟಿಕ್ಯೂಬಿಟಲ್, ಮಂಡಿ ಹಿಂದಿನ ಪಾಪ್ಲಿಟಿಯಲ್ ಜಾಗಕ್ಕೆ ಬೇರೆ ಬಣ್ಣದ ಕ್ಲೇ ಅಂಟಿಸಿದರೆ, ಕೈಕಾಲು ಮಡಿಸಿದಾಗ ಎರಡೂ ಬಣ್ಣ ಕಲೆಸಿಹೋಗುತ್ತವೆ. ಗುಂಡುಪಿನ್ನಿಗೆ ಚೀಟಿ ಸಿಕ್ಕಿಸಿ ನೋಡಿದೆ, ಜಾಸ್ತಿ ಹೊತ್ತು ನಿಲ್ಲಲಿಲ್ಲ. ಹೀಗೆ ಮಾಡಿ ಕಲಿತವರು ಯಾರಾದರೂ ಇದ್ದರೆ ಹೇಳಿ. ಫೋಟೊ ಹಾಕಿದರೆ ಇನ್ನೂ ಒಳ್ಳೆಯದು.