ಪದ ಬೇಕು: ಇರುಳುಗುರುಡೋ, ಇರುಳುಗಣ್ಣೋ?

ಜಗಳೂರಿನಿಂದ:
ಗೆಳೆಯರೆ, ಇವತ್ತು ಸಂಜೆಯೊಳಗೆ ಒಂದು ಪದ ಬೇಕು. ಅಂಗನವಾಡಿ ಗೋಡೆಗೆ ವಿಟಮಿನ್ ಎ ಬಗ್ಗೆ ಬರೆಸುತ್ತಿದ್ದೇವೆ, ಪೇಂಟರ್ ನಾಳೆ ಬೆಳಿಗ್ಗೆಯೇ ಬರುತ್ತಾರೆ. ಕೈಗೆ ಬಂದಿರುವ ಒಕ್ಕಣೆ ಹೀಗಿದೆ: ‘ಜೀವಸತ್ವ ಎ ಹನಿ ಹಾಕಿಸಿ, ನಿಶಾಂಧತೆ ತಡೆಯಿರಿ.’ ನಿಶಾಂಧತೆ ಅಂದ್ರೆ ಇಲ್ಲಿನ ತಾಯಂದಿರಿಗೆ ಅರ್ಥ ಆಗಲ್ಲ. ‘ಹೊತ್ತು ಮುಳುಗಿದ್ರೆ ಮಗೂಗೆ ಕಣ್ಣು ಕಾಣಲ್ಲ’ ಅನ್ನುತ್ತಾರೆ. ಅದಕ್ಕೆ ಒಂದೇ ಪದ ಯಾವುದು? ಜೀವಸತ್ವ ಇರಲೋ, ವಿಟಮಿನ್ ಇರಲೋ?

ದಾವಣಗೆರೆಯಿಂದ:
ಇರುಳುಗುರುಡು. ಹುಟ್ಟುಗುರುಡು ಇದ್ದ ಹಾಗೆ. ಇದರಲ್ಲಿ ಚರ್ಚೆಗೇನಿದೆ?

ಜೀವಸತ್ವ ಮಾತ್ರ ಬೇಡವೇ ಬೇಡ. 1912ರಲ್ಲಿ ಕ್ಯಾಸಿಮಿರ್ ಫಂಕ್ ಅನ್ನೋ ವಿಜ್ಞಾನಿ ಲ್ಯಾಟಿನ್ನಿನ ‘ವೀಟಾ’ಕ್ಕೆ ‘ಅಮೈನ್’ ಸೇರಿಸಿ ‘ವಿಟಮೈನ್’ (vitamine) ಅಂತ ಹೆಸರು ಕಟ್ಟಿದ. ವೀಟಾ ಅಂದ್ರೆ ಬದುಕು. ಅಮೈನ್ ಅಂದ್ರೆ ಅದರಲ್ಲಿ ಸಾರಜನಕ ಇರಲೇಬೇಕು. ವಿಟಮಿನ್ ಎ ಒಳಗೆ ಸಾರಜನಕವೇ ಇಲ್ಲ! 1920ರಲ್ಲಿ ಡ್ರಮ್ಮಂಡ್ ಅನ್ನೋ ಇನ್ನೊಬ್ಬ ವಿಜ್ಞಾನಿ ಆ ಹೆಸರಿನ ಕೊನೆಯ ‘e’ ಅಕ್ಷರ ಕಿತ್ತುಹಾಕಿದ್ದು ಎಲ್ಲ ವಿಟಮಿನ್‌ಗಳೂ ಅಮೈನ್ ಅಲ್ಲ ಅಂತಲೇ. ಅಂಥ ಹೆಸರನ್ನು ಹಿಡಿದು ಜೀವಸತ್ವ ಅಂತ ಯಾಕೆ ಕಟ್ಟಬೇಕಿತ್ತು? ಅನ್ನಾಂಗ ಅಂತ ಒಳ್ಳೆ ಪದ ಇದೆ. ಅದನ್ನೇ ಬರೆಸಿ.

ಚಿತ್ರದುರ್ಗದಿಂದ:
ಅನ್ನವೂ ಸಂಸ್ಕೃತ, ಅಂಗವೂ ಸಂಸ್ಕೃತ. ಕನ್ನಡ ಎಲ್ಲಿ ಬಂತು ಸಾರ್? ಔಷಧದ ಅಂಗಡಿಯಲ್ಲಿ ಅಜ್ಜಿಯರೂ ‘ವಿಟಮಿನ್ ಗುಳಿಗೆ ಕೊಡಪ್ಪ’ ಅಂತಾರೆ. ವಿಟಮಿನ್ ಸಾಕು.

ಇರುಳುಗುರುಡಿಗೆ ನನ್ನ ತಕರಾರು ಇನ್ನೂ ಜಾಸ್ತಿ. ಕುರುಡು ಅಂದ್ರೆ ಮತ್ತೆ ಬಾರದ ಕಣ್ಣು. ಇದು ಹಾಗಲ್ಲ. ಮಬ್ಬು ಬೆಳಕನ್ನು ಹಿಡಿಯುವ ರೊಡಾಪ್ಸಿನ್ ಅನ್ನೋ ವಸ್ತು ಕಣ್ಣಿನೊಳಗೆ ತಯಾರಾಗಲು ವಿಟಮಿನ್ ಎ ಬೇಕು. ಅದು ಕಮ್ಮಿಯಾದರೆ ಮುಸ್ಸಂಜೆಗೆ ಮಗು ಹೊಸ್ತಿಲು ಎಡವುತ್ತದೆ, ತಟ್ಟೆಯಲ್ಲಿ ತುತ್ತಿಗೆ ತಡಕಾಡುತ್ತದೆ. ಆಗಲೇ ಔಷಧ ಕೊಟ್ಟರೆ ದೃಷ್ಟಿ ಮರಳುತ್ತದೆ. ಸುಮ್ನೆ ಬಿಟ್ಟರೆ ಕಣ್ಣಿನ ಬಿಳಿ ಭಾಗ ಒಣಗಿ ನೊರೆಯಂಥ ಮಚ್ಚೆ ಏಳುತ್ತದೆ. ಕರಿಗುಡ್ಡೆ ಮೆತ್ತಗಾಗಿ ಕರಗಿದರೆ ಅದು ಕುರುಡು. ವಾಸಿಯಾಗುವುದಕ್ಕೂ ಆಗದ್ದಕ್ಕೂ ಒಂದೇ ಮಾತು ಹಾಕಿದರೆ ತಾಯಿ ಕೈಚೆಲ್ಲಿ ಕೂರುತ್ತಾಳೆ. ಮೆಳ್ಳೆಗಣ್ಣು, ಮಾಲುಗಣ್ಣು ಇರುವಾಗ ಇರುಳುಗಣ್ಣು ಯಾಕಾಗಬಾರದು?

‘ಹನಿ’ಯನ್ನೂ ಅಳಿಸಿ. ಹನಿ ಅಂದ್ರೆ ಎಲ್ಲರಿಗೂ ಪೋಲಿಯೋ. ಇದು ಚಮಚದಲ್ಲಿ ಕುಡಿಸುವ ಔಷಧ. ಒಂಬತ್ತು ತಿಂಗಳಿಗೆ ದಡಾರದ ಲಸಿಕೆ ಜೊತೆ 1 ಲಕ್ಷ ಯೂನಿಟ್, ಒಂದೂವರೆ ವರ್ಷದ ಹೊತ್ತಿಗೆ 2 ಲಕ್ಷ, ಆಮೇಲೆ ಐದು ತುಂಬುವ ತನಕ ಆರು ತಿಂಗಳಿಗೊಮ್ಮೆ ಅದೇ 2 ಲಕ್ಷ. ಇದು ಪಿತ್ತಜನಕಾಂಗದಲ್ಲಿ ಉಳಿಯುತ್ತದೆ, ಮಿತಿ ಮೀರಿದರೆ ವಿಷ. ಪೋಲಿಯೋ ಥರ ಕರೆದಾಗಲೆಲ್ಲ ಹಾಕಿಸೋದಲ್ಲ.

ದಾವಣಗೆರೆಯಿಂದ:
ಹನಿ ವಿಷಯ ಸರಿ. ಇರುಳುಗಣ್ಣು ಸರಿಯಲ್ಲ. ಇರುಳಲ್ಲಿ ಚೆನ್ನಾಗಿ ಕಾಣುವ ಗೂಬೆಗಣ್ಣು ಅಂತಲೂ ಓದಬಹುದು. ಪದದಲ್ಲೇ ರೋಗ ಗೊತ್ತಾಗಬೇಕು. ಇನ್ನು ಬೇರೆ ಭಾಷೆಯಿಂದ ತಂದ ಎರವಲು ಪದಗಳ ವಿಷಯ. ಇವತ್ತು ವಿಟಮಿನ್, ನಾಳೆ ಐರನ್ ಅಂತೀರಿ. ನಮ್ಮ ಮಕ್ಕಳು ಕಬ್ಬಿಣವನ್ನೂ ಮರೀತಾರೆ.

ಚಿತ್ರದುರ್ಗದಿಂದ:
ಕಬ್ಬಿಣ ನಮ್ಮ ಹತ್ತಿರ ಇತ್ತು. ಅದನ್ನು ಬಿಡೋದು ತಪ್ಪು, ಒಪ್ಪಿದೆ. ವಿಟಮಿನ್ ಅನ್ನೋ ತಿಳಿವಳಿಕೆಯೇ ಹೊರಗಿಂದ ಬಂತು. ನಿಮ್ಮ ಊರ ಸುತ್ತ ಹೊಲದ ತುಂಬ ಮೆಕ್ಕೆಜೋಳ. ಅದೂ ಅಮೆರಿಕದ ಕಡೆಯಿಂದ ಬಂದ ಬೆಳೆಯೇ. ಜೋಳದ ಜೊತೆ ಸೇರಿಸಿಕೊಂಡು ನಮ್ಮದು ಮಾಡಿಕೊಂಡೆವು ಅಲ್ವಾ? ವಿಟಮಿನ್ ಗುಳಿಗೆಯೂ ಹಾಗೇ ಒಳಗೆ ಬಂದಿದೆ. ಬಂದದ್ದನ್ನು ಯಾಕೆ ಆಚೆ ಕಳಿಸಬೇಕು?

ಜಗಳೂರಿನಿಂದ:
ಇಬ್ಬರಿಗೂ ನಮಸ್ಕಾರ. ಹೀಗೆ ಬರೆಸುತ್ತೇನೆ: ‘ಹೊತ್ತು ಮುಳುಗಿದರೆ ಮಗುವಿಗೆ ಕಣ್ಣು ಕಾಣುವುದಿಲ್ಲವೇ? ಇರುಳುಗಣ್ಣು ಇರಬಹುದು. ಕೂಡಲೇ ಡಾಕ್ಟರಿಗೆ ತೋರಿಸಿ. ವಿಟಮಿನ್ ಎ ಔಷಧವನ್ನು ಹೇಳಿದ ವಯಸ್ಸಿಗೆ ತಪ್ಪದೆ ಕುಡಿಸಿ. ಎಣ್ಣೆ ಒಗ್ಗರಣೆ ಹಾಕಿದ ನುಗ್ಗೆಸೊಪ್ಪು, ಪಪ್ಪಾಯಿ, ಮೊಟ್ಟೆ ಕೊಡಿ.’ ಎಣ್ಣೆ ಬೇಕೇ ಬೇಕು. ಜಿಡ್ಡಿಲ್ಲದೆ ಸೊಪ್ಪಿನ ಸತ್ವ ಮೈಗೆ ಸರಿಯಾಗಿ ಹತ್ತಲ್ಲ. ಮೊದಲ ಸಾಲಲ್ಲೇ ಅರ್ಥ ಇರೋದರಿಂದ ಗೂಬೆಗಣ್ಣು ಅಂತ ಯಾರೂ ಓದಲ್ಲ ಸಾರ್.

ದಾವಣಗೆರೆಯಿಂದ:
ಗೋಡೆಗೆ ಆಗಬಹುದು. ನಿಘಂಟಿಗೆ ಇರುಳುಗುರುಡೇ.