ಸಂಜೆ ಐದಕ್ಕೆ ಬಂದ ಆಳಿಗೂ ಪೂರ್ತಿ ಕೂಲಿ

ಯೇಸುವಿಗೆ ಸ್ತೋತ್ರ ಎಲ್ಲರಿಗೂ. ದೊಡ್ಡಪ್ಪ ಮಾತಾಡುತ್ತಿದ್ದೇನೆ. ಬೆಳಿಗ್ಗೆಯಿಂದ ಗ್ರೂಪಿನಲ್ಲಿ ನಡೆದ ಮಾತೆಲ್ಲ ಓದಿದೆ. ಟೈಪ್ ಮಾಡುತ್ತಾ ಕೂತರೆ ನನಗೆ ರಾತ್ರಿಯಾಗುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ, ಬಿಡುವಾದಾಗ ಕೇಳಿ.

ಇವತ್ತಿನ ಪೂಜೆಯಲ್ಲಿ ಓದಿದ ಶುಭಸಂದೇಶ ಮತ್ತಾಯ 20ನೇ ಅಧ್ಯಾಯ, ದ್ರಾಕ್ಷಿ ತೋಟದ ಆಳುಗಳ ಕಥೆ. ಅದನ್ನು ಕೇಳಿ ಬಂದು, ಆಲ್ದೂರಿನಲ್ಲಿ ಕಾಫಿ ತೋಟ ಇರುವ ನಮ್ಮ ಹುಡುಗ ಮರಿ ಗ್ರೂಪಿನಲ್ಲಿ ಬರೆದದ್ದು ಇದು: "ಬೆಳಿಗ್ಗೆಯಿಂದ ಬಿಸಿಲಲ್ಲಿ ದುಡಿದವನಿಗೂ ಅದೇ ಕೂಲಿ, ಸಂಜೆ ಒಂದು ಗಂಟೆ ಕೆಲಸ ಮಾಡಿದವನಿಗೂ ಅದೇ ಕೂಲಿ. ನಮ್ಮ ತೋಟದಲ್ಲಿ ಹೀಗೆ ಮಾಡಿದರೆ ಮಾರನೇ ದಿನ ಎಂಟು ಗಂಟೆಗೆ ಒಬ್ಬ ಆಳೂ ಬರಲ್ಲ." ಅದಕ್ಕೆ ಅಕ್ಕ, ದುಡಿಯದವನು ಉಣ್ಣಲೂಬಾರದು ಅಂತ ಸಂತ ಪೌಲರೇ ಹೇಳಿದ್ದಾರಲ್ಲ ಅಂದಳು. ಆಮೇಲೆ ಮಾತು ಕೊಯ್ಲಿಗೆ ಬರುವ ಅಸ್ಸಾಮಿನ ಆಳುಗಳ ಕಡೆ ತಿರುಗಿತು. ವಾರವಾರ ಪೂರ್ತಿ ಕೊಟ್ಟರೆ ಹೇಳದೆ ಕೇಳದೆ ಹೊರಟುಹೋಗುತ್ತಾರೆ, ಖರ್ಚಿಗೆ ಅಂತ ಸ್ವಲ್ಪ ಕೊಟ್ಟು ಉಳಿದದ್ದನ್ನು ಕೊಯ್ಲು ಮುಗಿಯುವ ತನಕ ಹಿಡಿದಿಟ್ಟುಕೊಳ್ಳುವುದೇ ಸರಿ ಅಂತ ಮರಿ ಬರೆದ. ಕೆಲವರು ಹೌದು ಹೌದು ಅಂದಿರಿ. ನನ್ನನ್ನು ಮಾತಾಡಿಸಿದ್ದು ಈ ಕೊನೆಯ ಮಾತು. ಆದರೆ ಕಥೆಯಿಂದಲೇ ಶುರು ಮಾಡುತ್ತೇನೆ.

ಪೂಜೆಗೆ ಬರದ ಮಕ್ಕಳಿಗೆ ಚುಟುಕಾಗಿ ಹೇಳುತ್ತೇನೆ. ಒಬ್ಬ ಯಜಮಾನ ಬೆಳಗಾಗುತ್ತಲೇ ಪೇಟೆ ಬೀದಿಗೆ ಹೋಗಿ, ದಿನಕ್ಕೆ ಒಂದು ದೆನಾರಿಯಸ್ ಅಂತ ಮಾತಾಡಿ ಆಳು ಕರೆತರುತ್ತಾನೆ. ಅದು ರೋಮನ್ನರ ಬೆಳ್ಳಿ ನಾಣ್ಯ, ಆ ಕಾಲದ ಒಂದು ದಿನದ ಕೂಲಿ. ಮತ್ತೆ ಒಂಬತ್ತು ಗಂಟೆಗೆ ಹೋಗುತ್ತಾನೆ, ಹನ್ನೆರಡಕ್ಕೆ ಹೋಗುತ್ತಾನೆ, ಮೂರಕ್ಕೆ ಹೋಗುತ್ತಾನೆ, ಕೊನೆಗೆ ಸಂಜೆ ಐದಕ್ಕೂ ಹೋಗುತ್ತಾನೆ. ಸಂಜೆ ಕೂಲಿ ಕೊಡುವಾಗ ಕೊನೆಗೆ ಬಂದವರಿಗೆ ಮೊದಲು ಕೊಡಿಸುತ್ತಾನೆ, ಅವರಿಗೂ ಪೂರ್ತಿ ಒಂದು ನಾಣ್ಯ. ಬೆಳಿಗ್ಗೆ ಬಂದವರು ನಮಗೆ ಜಾಸ್ತಿ ಸಿಗುತ್ತದೆ ಅಂದುಕೊಂಡಿದ್ದರು. ಅವರಿಗೂ ಅಷ್ಟೇ. ಗೊಣಗುತ್ತಾರೆ.

ಫಾದರ್ ಪ್ರಬೋಧನೆಯಲ್ಲಿ, ಯೇಸುಸ್ವಾಮಿಯ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನನ್ನು ನೆನಪಿಸಿದರು. ಕೊನೇ ಗಳಿಗೆಯಲ್ಲಿ ತಿರುಗಿಕೊಂಡವನಿಗೂ ಪರಲೋಕ ಉಂಟು ಅಂತ. ಅದು ಹಳೆಯ, ಒಳ್ಳೆಯ ಅರ್ಥ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಸಮಾಧಾನ ಕೊಟ್ಟಿರುವ ಅರ್ಥ. ಆದರೆ ನಾನು ದುಡಿಯುವ ಕಾಲವನ್ನೆಲ್ಲ ತೋಟದ ರೈಟರ್ ಆಗಿ, ಹಾಜರಿ ಪುಸ್ತಕ ಬರೆದುಕೊಂಡು ಕಳೆದವನು. ಹಾಗಾಗಿ ನನ್ನ ಕಣ್ಣು ಮೊದಲು ಹೋಗುವುದು ಕಥೆಯಲ್ಲಿರುವ ಮೇಲ್ವಿಚಾರಕನ ಮೇಲೆ. 8ನೇ ವಚನದಲ್ಲಿ ಅವನು ಬರುತ್ತಾನೆ, ಕೂಲಿ ಹಂಚುವುದಕ್ಕೆ. ಅಂದರೆ ಈ ಯಜಮಾನನ ಹತ್ತಿರ ಆಳು ಕರೆತರುವುದಕ್ಕೆ ಜನ ಇದ್ದರು. ಆದರೂ ಐದೂ ಸಲ ಪೇಟೆಗೆ ಹೋದವನು ಯಜಮಾನನೇ. ಮಾಲೀಕನೇ ಮಧ್ಯಾಹ್ನದ ಬಿಸಿಲಲ್ಲಿ ಎದ್ದು ಹೋಗಿ "ಯಾಕಪ್ಪಾ ಸುಮ್ನೆ ನಿಂತಿದ್ದೀರಿ" ಅಂತ ಕೇಳಿದ್ದನ್ನು ನಾನು ನಮ್ಮ ಕಡೆ ನೋಡಿಲ್ಲ.

ಹಣ್ಣು ಕೆಡುತ್ತಿತ್ತು, ಅವನಿಗೆ ಆಳು ಬೇಕಾಗಿತ್ತು ಅಂತ ಕೆಲವರು ಹೇಳುತ್ತಾರೆ. ಬೆಳಿಗ್ಗೆಯಿಂದ ಮೂರರವರೆಗೆ ಕರೆದದ್ದಕ್ಕೆ ಅದು ಸರಿಯಿರಬಹುದು. ಕೆಲಸ ನಿಲ್ಲಿಸಲು ಒಂದು ಗಂಟೆ ಇರುವಾಗ ಯಾವ ತೋಟದವನೂ ಹೊಸ ಆಳು ತರುವುದಿಲ್ಲ. ಅವನು ಹೋದದ್ದು ಅಲ್ಲಿ ನಿಂತಿದ್ದವರಿಗಾಗಿ ಅಂತಲೇ ನಾನು ಓದುತ್ತೇನೆ. ಅವರು ಕೊಟ್ಟ ಉತ್ತರ ನೋಡಿ: ಯಾರೂ ನಮ್ಮನ್ನು ಕೂಲಿಗೆ ಕರೆಯಲಿಲ್ಲ.

ಯಾರನ್ನು ಕರೆಯುವುದಿಲ್ಲ ಅಂತ ಮರಿ, ನಿನಗೂ ಗೊತ್ತು, ನನಗೂ ಗೊತ್ತು. ಕೊಯ್ಲಿನ ಕಾಲದಲ್ಲಿ ಬೆಳಿಗ್ಗೆ ಸರ್ಕಲ್‌ನಲ್ಲಿ ಪಿಕಪ್ ನಿಂತಾಗ ಮೇಸ್ತ್ರಿ ಮೊದಲು ಹತ್ತಿಸುವುದು ಗಟ್ಟಿಮುಟ್ಟಾದವರನ್ನು. ಕೊಯ್ದ ಹಣ್ಣಿನ ಕಿಲೋ ಲೆಕ್ಕದಲ್ಲಿ ಕೂಲಿ ಅಲ್ವಾ. ಚುರುಕಿನ ಹುಡುಗರು ತುಂಬುವ ಚೀಲದ ಅರ್ಧವೂ ವಯಸ್ಸಾದ ಹೆಂಗಸರ ಕೈಯಲ್ಲಿ ತುಂಬುವುದಿಲ್ಲ. ಸೊಂಟ ನೋವಿನವರು, ಕೈಗೂಸು ಇರುವವರು, ಏಣಿ ಹತ್ತಲಾರದವರು ಉಳಿದುಬಿಡುತ್ತಾರೆ. ಅವರಿಗೂ ಮನೆಯಲ್ಲಿ ಒಲೆ ಇದೆ, ಮಕ್ಕಳಿದ್ದಾರೆ. ಅರ್ಧ ದಿನ ಕೂಲಿ ಸಿಕ್ಕಿತು ಅಂತ ಮಗು ಅರ್ಧ ಹೊಟ್ಟೆ ಉಂಡು ಮಲಗುತ್ತದೆಯಾ? ಯಜಮಾನ ಕೊಟ್ಟದ್ದು ಒಂದು ದಿನದ ಅನ್ನ. ಗಂಟೆ ಲೆಕ್ಕದಲ್ಲಿ ಅದನ್ನು ಕಡಿದರೆ ಅದು ಅನ್ನವಾಗಿ ಉಳಿಯುವುದಿಲ್ಲ. ನಮ್ಮ ಅನುದಿನದ ಆಹಾರವನ್ನು ಇವತ್ತು ಕೊಡು ಅಂತ ನಾವು ದಿನಾ ಕೇಳುತ್ತೇವಲ್ಲ, ಅದೇ ಇದು.

ಇದು ಯೇಸುಸ್ವಾಮಿ ಹೊಸದಾಗಿ ತಂದ ಮಾತೂ ಅಲ್ಲ. ವಿಮೋಚನಕಾಂಡ 16ರಲ್ಲಿ, ಮರುಭೂಮಿಯಲ್ಲಿ ಇಸ್ರಯೇಲರಿಗೆ ದೇವರು ಕೊಟ್ಟ ಮನ್ನ ಅನ್ನುವ ಆಹಾರ ಬಿದ್ದಾಗ ಕೆಲವರು ಜಾಸ್ತಿ ಆರಿಸಿದರು, ಕೆಲವರು ಕಮ್ಮಿ. ಅಳೆದು ನೋಡಿದಾಗ ಜಾಸ್ತಿ ಆರಿಸಿದವನಿಗೆ ಮಿಗಲಿಲ್ಲ, ಕಮ್ಮಿ ಆರಿಸಿದವನಿಗೆ ಕೊರತೆಯಾಗಲಿಲ್ಲ.

ಇನ್ನೊಂದು ಕಥೆ ನನಗೆ ಬಹಳ ಇಷ್ಟ, ನಮ್ಮಲ್ಲಿ ಯಾರೂ ಅದನ್ನು ಓದಿ ಹೇಳುವುದಿಲ್ಲ. ಸಮುವೇಲನ ಮೊದಲನೆಯ ಗ್ರಂಥ, 30ನೇ ಅಧ್ಯಾಯ. ಅಮಾಲೇಕ್ಯರು ದಾವೀದನ ಊರು ಚಿಕ್ಲಗಿಗೆ ಬೆಂಕಿಯಿಟ್ಟು ಹೆಂಗಸರು ಮಕ್ಕಳನ್ನೆಲ್ಲ ಹಿಡಿದುಕೊಂಡು ಹೋಗಿರುತ್ತಾರೆ. ದಾವೀದ 600 ಜನರನ್ನು ಕಟ್ಟಿಕೊಂಡು ಬೆನ್ನಟ್ಟುತ್ತಾನೆ. ಬೆಸೋರ್ ಹಳ್ಳದ ಹತ್ತಿರ ಬರುವಾಗ 200 ಜನ ಸುಸ್ತಾಗಿ ಬಿದ್ದರು, ಹಳ್ಳ ದಾಟಲು ಆಗಲಿಲ್ಲ. ಅವರು ಸಾಮಾನಿನ ಹತ್ತಿರ ಉಳಿದರು. 400 ಜನ ಹೋಗಿ ಗೆದ್ದು ಬಂದರು. ಬಂದ ಮೇಲೆ ಕೆಲವರು, ಇವರು ನಮ್ಮ ಜೊತೆ ಬರಲಿಲ್ಲ, ಇವರಿಗೆ ಹೆಂಡತಿ ಮಕ್ಕಳನ್ನು ಕೊಟ್ಟು ಕಳಿಸಿ, ಪಾಲು ಗೀಲು ಏನೂ ಇಲ್ಲ ಅಂದರು. ದಾವೀದ ಒಪ್ಪಲಿಲ್ಲ. ಯುದ್ಧಕ್ಕೆ ಹೋದವನಿಗೂ ಸಾಮಾನು ಕಾದವನಿಗೂ ಸಮಪಾಲು ಅಂದ. ಇದೆಲ್ಲ ಕರ್ತರು ಕೊಟ್ಟದ್ದು ಅಂತ ಅವನು ಮೊದಲು ಹೇಳಿ, ಆಮೇಲೆ ಪಾಲಿನ ಮಾತು ಎತ್ತುತ್ತಾನೆ. ಆವತ್ತಿಂದ ಅದು ಇಸ್ರಯೇಲಿನಲ್ಲಿ ಕಟ್ಟಳೆಯೇ ಆಯಿತು ಅಂತ ಬರೆದಿದೆ.

ಅಕ್ಕ, ನೀನು ಹೇಳಿದ ಪೌಲರ ಮಾತು ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರದ 3ನೇ ಅಧ್ಯಾಯದಲ್ಲಿದೆ. ಅಲ್ಲಿ ಪೌಲರು ಬೈಯುವುದು ಕೆಲಸ ಮಾಡಲು ಮನಸ್ಸಿಲ್ಲದವರನ್ನು, ಊರ ಉಸಾಬರಿ ಮಾಡಿಕೊಂಡು ಬೇರೆಯವರ ಮನೆಯಲ್ಲಿ ಉಂಡುಕೊಂಡಿದ್ದವರನ್ನು. ಪೌಲರು ತಾವೇ ಡೇರೆ ಹೊಲಿದು ದುಡಿದವರು, ಅವರಿಗೆ ಹಾಗೆ ಹೇಳುವ ಹಕ್ಕಿತ್ತು. ಸಂಜೆ ಐದರ ತನಕ ಕೆಲಸ ಸಿಕ್ಕೀತು ಅಂತ ಪೇಟೆಯಲ್ಲೇ ಕಾಯುತ್ತಾ ನಿಂತವನಿಗೆ ಆ ಮಾತು ತಾಗುವುದಿಲ್ಲ. ಮನಸ್ಸಿಲ್ಲದವನು ಮಧ್ಯಾಹ್ನಕ್ಕೇ ಮನೆಗೆ ಹೋಗಿರುತ್ತಿದ್ದ.

ಮರಿ, ಈಗ ನಿನ್ನ ಪ್ರಶ್ನೆ. ಬೆಳಿಗ್ಗೆ ಬಂದವರಿಗೆ ಅನ್ಯಾಯ ಆಯಿತಾ? ಮಾತಾಡಿದ್ದು ಒಂದು ನಾಣ್ಯ, ಕೈಗೆ ಬಂದದ್ದು ಒಂದು ನಾಣ್ಯ. ಒಂದು ಕಾಸೂ ಕಮ್ಮಿಯಾಗಲಿಲ್ಲ. ಅವರ ಹೊಟ್ಟೆಕಿಚ್ಚು ಪಕ್ಕದವನ ಕೈ ನೋಡಿದ ಮೇಲೆ ಶುರುವಾಯಿತು. ಮೊದಲು ಬಂದವರಿಗೆ ಮೊದಲು ಕೊಟ್ಟಿದ್ದರೆ ಅವರು ಖುಷಿಯಲ್ಲೇ ಮನೆಗೆ ಹೋಗುತ್ತಿದ್ದರು, ಜಗಳವೇ ಇರುತ್ತಿರಲಿಲ್ಲ. ಯಜಮಾನ ಬೇಕಂತಲೇ ಕೊನೆಯವರಿಂದ ಶುರು ಮಾಡಿಸಿದ. ಬೆಳಿಗ್ಗೆ ಬಂದವರು ಅದನ್ನು ನೋಡಬೇಕಿತ್ತು. ಇದು ಯಾರಿಗೆ ಹೇಳಿದ ಕಥೆ ಅಂತ ಒಂದು ಪುಟ ಹಿಂದೆ ತಿರುಗಿಸಿದರೆ ತಿಳಿಯುತ್ತದೆ. 19ನೇ ಅಧ್ಯಾಯದ ಕೊನೆಯಲ್ಲಿ ಶಿಷ್ಯ ಪೇತ್ರ ಯೇಸುಸ್ವಾಮಿಯನ್ನು ಕೇಳುತ್ತಾನೆ, ನಾವು ಎಲ್ಲ ಬಿಟ್ಟು ನಿಮ್ಮ ಹಿಂದೆ ಬಂದೆವಲ್ಲ, ನಮಗೇನು ಸಿಗುತ್ತದೆ ಅಂತ. ಕಥೆ ಮುಗಿದು ಸ್ವಲ್ಪ ಮುಂದೆ ಹೋದರೆ ಜೆಬೆದಾಯನ ಹೆಂಡತಿ ಬಂದು, ಶಿಷ್ಯರಾಗಿದ್ದ ತನ್ನ ಇಬ್ಬರು ಮಕ್ಕಳಿಗೆ ಯೇಸುಸ್ವಾಮಿಯ ಬಲಗಡೆ ಎಡಗಡೆ ಸೀಟು ಕೇಳುತ್ತಾಳೆ. ನಡುವೆ ಈ ಕಥೆ. ಮುಂಚೆ ಬಂದವರು ಅನ್ನುವ ಹೆಮ್ಮೆ ಇರುವ ಶಿಷ್ಯರಿಗೇ ಹೇಳಿದ್ದು. ತಲೆತಲಾಂತರದಿಂದ ಕ್ರೈಸ್ತರು ಅನ್ನಿಸಿಕೊಂಡ ನಮ್ಮಂಥ ಮನೆಯವರೂ ಅದೇ ಸಾಲಿನಲ್ಲಿ ನಿಂತಿದ್ದೇವೆ.

ಎಲ್ಲರಿಗೂ ಒಂದೇ ಕೂಲಿ ಕೊಡು ಅಂತ ನಾನು ನಿನಗೆ ಹೇಳುತ್ತಿಲ್ಲ. ಕಿಲೋ ಲೆಕ್ಕವನ್ನೂ ನಾನು ಬೈಯುವುದಿಲ್ಲ, ದುಡಿಯುವವರೇ ಅದನ್ನು ಇಷ್ಟಪಡುತ್ತಾರೆ. ಆದರೆ ಕಿಲೋ ಹತ್ತಿಸಲಾರದ ಮುದುಕಿಗೆ ಕಣದಲ್ಲಿ ಕಾಫಿ ತಿರುವುವ ಕೆಲಸವೋ, ಕಸ ಕಡ್ಡಿ ಆರಿಸುವ ಕೆಲಸವೋ ಕೊಟ್ಟು ದಿನಗೂಲಿ ಪೂರ್ತಿ ಕೊಟ್ಟರೆ ನಿನ್ನ ತೋಟವೇನೂ ಮುಳುಗುವುದಿಲ್ಲ. ಇಬ್ಬರೂ ಒಪ್ಪಿದ ರೇಟು, ಅಲ್ಲಿಗೆ ಮುಗಿಯಿತು ಅಂತ ನೀನು ಬರೆದೆ. 1891ರಲ್ಲಿ ಪೋಪ್ 13ನೇ ಲಿಯೋ ಕೂಲಿಗಾರರ ವಿಷಯವಾಗಿ ಇಡೀ ಧರ್ಮಸಭೆಗೆ ಪತ್ರ ಬರೆದಾಗ ಇದೇ ಮಾತಿಗೆ ಉತ್ತರ ಕೊಟ್ಟರು. ಹೊಟ್ಟೆಗೆ ಇಲ್ಲದವನು ಬೇರೆ ದಾರಿಯಿಲ್ಲದೆ ಒಪ್ಪಿಕೊಂಡರೆ ಅದು ನ್ಯಾಯವಾಗುವುದಿಲ್ಲ, ಮಿತವಾಗಿ ಬದುಕುವವನ ಜೀವನಕ್ಕೆ ಸಾಕಾಗುವಷ್ಟು ಕೂಲಿ ಇರಲೇಬೇಕು ಅಂದರು. 2025ರಲ್ಲಿ ಬಂದ ಹೊಸ ಪೋಪ್ ಲಿಯೋ ಅನ್ನುವ ಹೆಸರು ಇಟ್ಟುಕೊಂಡದ್ದಕ್ಕೆ ಆ ಪತ್ರವೇ ಮುಖ್ಯ ಕಾರಣ ಅಂತ ಅವರೇ ಹೇಳಿದ್ದಾರೆ.

ಈಗ ಹಿಡಿದಿಟ್ಟುಕೊಳ್ಳುವ ವಿಷಯ. ಇದರಲ್ಲಿ ನಾನು ಬಗ್ಗುವುದಿಲ್ಲ.

ಇವತ್ತಿನ ಮೊದಲ ವಾಚನ ಯೆಶಾಯ 55. ನನ್ನ ಆಲೋಚನೆಗಳು ನಿಮ್ಮ ಆಲೋಚನೆಗಳಲ್ಲ ಅಂತ ದೇವರು ಹೇಳುವ ಭಾಗ. ದೇವರ ಲೆಕ್ಕವೇ ಬೇರೆ, ನಮ್ಮ ತೋಟದ ಲೆಕ್ಕವೇ ಬೇರೆ ಅಂತ ಅದನ್ನು ಅಲ್ಲಿಗೇ ಬಿಟ್ಟುಬಿಡುವುದು ಸುಲಭ. ಆದರೆ ಅದೇ ದೇವರು ತೋಟದ ಲೆಕ್ಕದ ಬಗ್ಗೆಯೂ ನೇರವಾಗಿ ಮಾತಾಡಿದ್ದಾರೆ. ಧರ್ಮೋಪದೇಶಕಾಂಡ 24, 14 ಮತ್ತು 15ನೇ ವಚನ ತೆಗೆದು ನೋಡು. ಬಡ ಕೂಲಿಗಾರನನ್ನು ಹಿಂಸೆ ಮಾಡಬೇಡ, ಅವನು ನಿನ್ನವನೇ ಆಗಿರಲಿ, ನಿನ್ನ ಊರಿಗೆ ಬಂದ ಪರದೇಶಿಯೇ ಆಗಿರಲಿ. ಅವತ್ತಿನ ಕೂಲಿ ಅವತ್ತೇ, ಹೊತ್ತು ಮುಳುಗುವ ಮುಂಚೆ ಕೊಡು. ಅವನು ಬಡವ, ಅದರ ಮೇಲೇ ಜೀವ ಇಟ್ಟುಕೊಂಡಿದ್ದಾನೆ. ಅವನು ದೇವರಿಗೆ ಮೊರೆಯಿಟ್ಟರೆ ಆ ಪಾಪ ನಿನ್ನ ಮೇಲೆ. ಪರದೇಶಿ ಅನ್ನುವ ಮಾತು ಅಲ್ಲಿ ಎದ್ದು ಕಾಣುವ ಹಾಗೆ ಇದೆ, ಮರಿ. ಅಸ್ಸಾಮಿನಿಂದ ರೈಲು ಹತ್ತಿ ಬಂದು ಭಾಷೆ ತಿಳಿಯದ ಊರಿನಲ್ಲಿ, ಆಳುಗಳಿಗೆ ಅಂತ ಇರುವ ಲೈನ್ ಮನೆಯಲ್ಲಿರುವ ಆ ಹುಡುಗರನ್ನು ಬಿಟ್ಟು ಬೇರೆ ಯಾರು?

ಯಾಜಕಕಾಂಡ 19ರಲ್ಲೂ ಇದೆ, ಕೂಲಿಯವನ ಕೂಲಿಯನ್ನು ರಾತ್ರಿಯೆಲ್ಲ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ ಅಂತ. ಅದೇ ಅಧ್ಯಾಯದಲ್ಲಿ, ತೋಟದಲ್ಲಿ ಉದುರಿದ ಹಣ್ಣನ್ನು ಬಡವರಿಗೆ ಬಿಡು ಅಂತಲೂ ಇದೆ. ಕಾಫಿಯಲ್ಲಿ ಉದುರಿದ ಹಣ್ಣು ಬಿಡುವ ಹಾಗಿಲ್ಲ, ಬೆರ್ರಿ ಬೋರರ್ ಹುಳ ಹತ್ತಿ ಮುಂದಿನ ಫಸಲೂ ಹಾಳಾಗುತ್ತದೆ. ಆ ನಿಯಮವನ್ನು ಹಾಗ್ಹಾಗೇ ಪಾಲಿಸುವುದು ನಮಗೆ ಕಷ್ಟ, ಒಪ್ಪುತ್ತೇನೆ. ಕೂಲಿಯ ನಿಯಮಕ್ಕೆ ಅಂಥ ಯಾವ ಅಡ್ಡಿಯೂ ಇಲ್ಲ. ಯಾಕೋಬರ ಪತ್ರದ 5ನೇ ಅಧ್ಯಾಯವಂತೂ, ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿಯೇ ಕೂಗುತ್ತಿದೆ ಅನ್ನುತ್ತದೆ. ಅಣ್ಣನೇ ಕೊಂದ ಹಾಬೆಲನ ರಕ್ತದ ಕೂಗಿನ ಜೊತೆ ಕೂಲಿಗಾರನಿಗೆ ಮಾಡಿದ ಅನ್ಯಾಯವನ್ನೂ ನಮ್ಮ ಧರ್ಮಸಭೆ ಸ್ವರ್ಗಕ್ಕೆ ಕೂಗಿಡುವ ಪಾಪಗಳ ಸಾಲಿನಲ್ಲಿ ಇಟ್ಟಿದೆ. ಅಷ್ಟು ದೊಡ್ಡ ಮಾತು ಇದು.

ತಡವಾದರೇನು, ಕೊಡುತ್ತೇವಲ್ಲ ಅನ್ನಬಹುದು. ನಾನು ಮೊದಲಿದ್ದ ಒಂದು ತೋಟದಲ್ಲಿ ಸಂತೆಯ ಹಿಂದಿನ ಸಂಜೆ ಬಟವಾಡೆ. ಆಳುಗಳು ಕೈಕಾಲು ತೊಳೆದು ಕಣದ ಅಂಚಿನಲ್ಲಿ ಬಂದು ಕೂರುತ್ತಿದ್ದರು. ಒಂದು ಸಲ ದುಡ್ಡು ತರಲು ಪೇಟೆಗೆ ಹೋದ ಮಾಲೀಕರು ಬರಲೇ ಇಲ್ಲ. ಲೈನ್ ಮನೆಯ ಒಬ್ಬ ಹೆಂಗಸು ಸಂತೆ ಚೀಲವನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದಳು. ಕತ್ತಲಾದ ಮೇಲೆ ಎದ್ದು ಬಂದು, "ರೈಟ್ರೇ, ಅಂಗಡಿಯವರಿಗೆ ಒಂದು ಚೀಟಿ ಬರೆದುಕೊಡಿ, ಅಕ್ಕಿ ಸಾಲ ಕೊಡಲಿ" ಅಂದಳು. ಬರೆದುಕೊಟ್ಟೆ. ಸಾಲದ ಅಕ್ಕಿಗೆ ಅಂಗಡಿಯಲ್ಲಿ ರೇಟೇ ಬೇರೆ, ಸಾಲಕ್ಕೆ ಕೊಡುವ ಅಕ್ಕಿಯೂ ಬೇರೆ. ಕೂಲಿ ಮುಂದಿನ ವಾರ ಬಂತು, ಒಂದು ರೂಪಾಯಿಯೂ ಕಮ್ಮಿಯಿಲ್ಲದೆ ಬಂತು. ನನ್ನ ಪುಸ್ತಕದಲ್ಲಿ ಲೆಕ್ಕ ಸರಿಯಾಯಿತು. ಅವಳ ಮನೆಯಲ್ಲಿ ಆಗಲಿಲ್ಲ.

ಇವತ್ತು ಫೋನ್‌ಪೇ ಇದೆ, ನೀನು ಪೇಟೆಯಲ್ಲಿದ್ದರೂ ಸಂಜೆಯೊಳಗೆ ಹಾಕಬಹುದು. ಆದರೆ ಎಲ್ಲರದ್ದೂ ಸೇರಿಸಿ ಮೇಸ್ತ್ರಿ ಖಾತೆಗೆ ಹಾಕಿ ಕೈ ತೊಳೆದುಕೊಳ್ಳಬೇಡ. ಅಲ್ಲಿಂದ ಆಳಿನ ಕೈಗೆ ಎಷ್ಟು ಹೋಯಿತು ಅಂತ ನೀನೇ ಕೇಳಬೇಕು. ಓಡಿಹೋಗುತ್ತಾರೆ ಅನ್ನುವ ನಿನ್ನ ಭಯ ನನಗೆ ಅರ್ಥವಾಗುತ್ತದೆ, ಹಣ್ಣು ಗಿಡದಲ್ಲೇ ಒಣಗಿದರೆ ವರ್ಷದ ದುಡಿಮೆ ಹೋಯಿತು. ಆದರೆ ನಾನು ಕಂಡ ಹಾಗೆ, ಸರಿಯಾಗಿ ಬಟವಾಡೆ ಆಗುವ ತೋಟಕ್ಕೆ ಅವರೇ ಮುಂದಿನ ವರ್ಷ ಅಣ್ಣತಮ್ಮಂದಿರನ್ನು ಕರೆದುಕೊಂಡು ಬರುತ್ತಾರೆ. ಅಡ್ವಾನ್ಸ್ ಕೊಟ್ಟದ್ದಿದ್ದರೆ ವಾರಕ್ಕಿಷ್ಟು ಅಂತ ಅವರಿಗೆ ತಿಳಿಸಿ ಮುರಿದುಕೋ. ಉಳಿದದ್ದು ಅವರದ್ದು, ನಿನ್ನದಲ್ಲ.

ನವೆಂಬರ್‌ಗೆ ಅರೇಬಿಕಾ ಹಣ್ಣಾಗುತ್ತದೆ, ಇನ್ನೂ ಸಮಯ ಇದೆ. ಮುಂದಿನ ಭಾನುವಾರ ಪೂಜೆ ಮುಗಿಸಿ ಇಲ್ಲಿಗೇ ಬಾ. ಒಬ್ಬೊಬ್ಬರಿಗೆ ಒಂದೊಂದು ಪುಟ ಮಾಡಿ, ದಿನದ ಕಿಲೋ, ಅಡ್ವಾನ್ಸ್, ಕೊಟ್ಟದ್ದು, ಬಾಕಿ ಎಲ್ಲ ಹೇಗೆ ಬರೆಯಬೇಕು ಅಂತ ತೋರಿಸುತ್ತೇನೆ. ಪುಸ್ತಕ ನನ್ನ ಹತ್ತಿರವೇ ಇದೆ, ತರುವುದು ಬೇಡ. ಊಟ ಇಲ್ಲೇ, ದೊಡ್ಡಮ್ಮನಿಗೆ ಹೇಳಿದ್ದೇನೆ.