‘ಇಕಿಗಾಯ್’ ಎಂಬುದಕ್ಕೆ ‘ಬಾಳಿನ ಹುರುಳು’ ಎನ್ನಬಹುದೇ?

ಮಾನ್ಯರೇ,

ಮಕ್ಕಳನ್ನು ಬೆಳೆಸುತ್ತಿರುವ ತಂದೆತಾಯಿಯರಿಗಾಗಿ ಬರೆಯುತ್ತಿರುವ ಲೇಖನವೊಂದರಲ್ಲಿ ಜಪಾನೀ ಭಾಷೆಯ ‘ಇಕಿಗಾಯ್’ ಪದಕ್ಕೆ ಒಪ್ಪುವ ಕನ್ನಡ ದೊರೆಯದೆ ನಿಮ್ಮ ಮುಂದೆ ಬಂದಿದ್ದೇನೆ. ‘ಇಕಿ’ ಎಂದರೆ ಬದುಕುವುದು. ‘ಕಾಯ್’ ಎಂದರೆ ಪಟ್ಟ ಪಾಡಿಗೆ ದೊರೆಯುವ ಫಲ, ಬೆಲೆ. ಸಮಾಸದಲ್ಲಿ ಕಕಾರವು ಗಕಾರವಾಗುವುದು ನಮ್ಮ ‘ಮಳೆಗಾಲ’ದ ಆದೇಶಸಂಧಿಯನ್ನು ನೆನಪಿಸುತ್ತದೆ. ದುಡಿಮೆಗೆ ಸಂಬಂಧಿಸಿದ ‘ಹತರಕಿಗಾಯ್’ ಕೂಡ ಹೀಗೆಯೇ ಆದದ್ದು.

ಕನ್ನಡದಲ್ಲಿ ಇದನ್ನು ‘ಜೀವನದ ಗುರಿ’ ಎಂದು ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಗುರಿ ಎಂಬುದು ಮುಂದೆಲ್ಲೋ ಇರುವಂಥದ್ದು, ಮುಟ್ಟಬೇಕಾದದ್ದು. ಜಪಾನಿನ ತಾಯಿ ‘ಈ ಮಗುವೇ ನನ್ನ ಇಕಿಗಾಯ್’ ಎನ್ನುವಾಗ ಅದು ಆಗಲೇ ಅವಳ ಮಡಿಲಲ್ಲಿದೆ. ನಾಗಾಶಿಮಾ ದ್ವೀಪದ ಕುಷ್ಠರೋಗ ಚಿಕಿತ್ಸಾಲಯದಲ್ಲಿ ಕೆಲಸಮಾಡಿದ, ಇಬ್ಬರು ಗಂಡುಮಕ್ಕಳ ತಾಯಿಯೂ ಆಗಿದ್ದ ಮನೋವೈದ್ಯೆ ಕಾಮಿಯಾ ಮಿಯೆಕೊ ಅವರು 1966ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬದುಕಿಗೆ ಬೆಲೆ ತರುವ ವಸ್ತು ಅಥವಾ ವ್ಯಕ್ತಿಯನ್ನು ‘ಇಕಿಗಾಯ್’ ಎಂದೂ ಅದರಿಂದ ಮನಸ್ಸಿನಲ್ಲಿ ಹುಟ್ಟುವ ಭಾವವನ್ನು ‘ಇಕಿಗಾಯ್‌ಕಾನ್’ ಎಂದೂ ಬೇರ್ಪಡಿಸಿದ್ದಾರೆ. ಇಷ್ಟ, ಸಾಮರ್ಥ್ಯ, ಲೋಕದ ಅಗತ್ಯ, ಸಂಪಾದನೆ ಎಂಬ ನಾಲ್ಕು ವೃತ್ತಗಳು ಕೂಡುವ ನಡುಜಾಗವೇ ಇಕಿಗಾಯ್ ಎಂದು ತೋರಿಸುವ, ಈಗ ಎಲ್ಲೆಡೆ ಕಾಣುವ ಚಿತ್ರಕ್ಕೆ ಈ ಹೆಸರು ಅಂಟಿದ್ದು 2014ರಲ್ಲಿ, ಜಪಾನಿನ ಹೊರಗೆ. ಅದರ ಒಂದು ವೃತ್ತ ಸಂಪಾದನೆಯದಾದ್ದರಿಂದ, ಸಂಬಳವಿಲ್ಲದೆ ಮಕ್ಕಳನ್ನು ಸಾಕುವವರಿಗೆ ಆ ಚಿತ್ರದ ನಡುವೆ ಜಾಗವೇ ಇಲ್ಲ.

‘ಪುರುಷಾರ್ಥ’ ದೊಡ್ಡ ಪದವೇ ಆದರೂ ‘ಯಾವ ಪುರುಷಾರ್ಥಕ್ಕೆ?’ ಎಂಬ ಆಡುಮಾತಿನಲ್ಲಿ ಅದು ಕಹಿಯಾಗಿದೆ. ‘ಸಾರ್ಥಕ’ ಹತ್ತಿರದ್ದು, ಆದರೆ ‘ಬಾಳು ಸಾರ್ಥಕವಾಯಿತು’ ಎಂದು ನಾವು ಹಿಂತಿರುಗಿ ನೋಡಿ ಹೇಳುತ್ತೇವೆಯೇ ಹೊರತು, ಹಾಲು ಕಾಯಿಸಿ, ಮಗುವಿಗೆ ಸಮವಸ್ತ್ರ ತೊಡಿಸುವ ಬೆಳಗಿನ ಗಡಿಬಿಡಿಯಲ್ಲಿ ಹೇಳುವುದಿಲ್ಲ. ಹಾಗಾಗಿ ಭಾವಕ್ಕೆ ‘ಸಾರ್ಥಕಭಾವ’ವನ್ನು ಉಳಿಸಿಕೊಂಡು, ಆ ಭಾವದ ಮೂಲಕ್ಕೆ ‘ಬಾಳಿನ ಹುರುಳು’ ಎನ್ನೋಣವೆಂದು ನನ್ನ ಯೋಚನೆ. ‘ಹುರುಳಿಲ್ಲದ ಮಾತು’ ಎನ್ನುವಲ್ಲಿರುವ ಬೆಲೆಯ ಅರ್ಥ ‘ಕಾಯ್’ಗೆ ಹೊಂದುತ್ತದೆ, ‘ದುಡಿಮೆಯ ಹುರುಳು’ ಎಂದೂ ಬೆಳೆಸಬಹುದು.

‘ಈ ಮಗುವೇ ನನ್ನ ಬಾಳಿನ ಹುರುಳು’ ಎಂಬ ವಾಕ್ಯ ನಿಮ್ಮ ಕಿವಿಗೆ ಸಹಜವಾಗಿ ಕೇಳಿಸುತ್ತದೆಯೇ? ‘ಮಕ್ಕಳ ಮುಖ ನೋಡಿಕೊಂಡು ಬದುಕಿದ್ದೇನೆ’ ಎಂಬ ನಮ್ಮ ಮಾತಿನಲ್ಲಿ ಸಹಿಸಿಕೊಂಡ ದುಃಖದ ಎಳೆಯಿದೆ. ಆ ದುಃಖವಿಲ್ಲದೆ ಇದೇ ಅರ್ಥವನ್ನು ಹೇಳುವ ನುಡಿ ಧಾರವಾಡ, ಕರಾವಳಿ ಅಥವಾ ಮಲೆನಾಡಿನ ಕಡೆ ಬಳಕೆಯಲ್ಲಿದ್ದರೆ, ಅದನ್ನು ಯಾರು ಯಾವ ಸಂದರ್ಭದಲ್ಲಿ ಆಡುತ್ತಾರೆಂಬುದರೊಂದಿಗೆ ದಯವಿಟ್ಟು ತಿಳಿಸಿರಿ.